ವಾರಕ್ಕೆ ಎರಡು ಪಿರಿಯಡ್ ಕೇಳುತ್ತಿದ್ದೇನೆ: ಶಾಲೆಯ ಕೊನೆಯ ವರ್ಷದ ವೇಳಾಪಟ್ಟಿ ಮಾಡುವವರಿಗೆ ಒಂದು ಬಹಿರಂಗ ಪತ್ರ

ಶಾಲೆಗಳ ಮುಖ್ಯಸ್ಥರಿಗೆ ಮತ್ತು ಕೊನೆಯ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಎಲ್ಲ ಅಧ್ಯಾಪಕರಿಗೆ,

ಮಾನ್ಯರೇ,

ನಾನು ಪದವಿಯ ಮೊದಲ ವರ್ಷದವರಿಗೆ ಅರ್ಥಶಾಸ್ತ್ರ ಕಲಿಸುವವಳು. ತಮ್ಮ ಶಾಲೆಯಿಂದ ಬೀಳ್ಕೊಡುಗೆ ಪಡೆದು ಹೊರಟ ಮಕ್ಕಳು ಕೆಲವೇ ತಿಂಗಳಲ್ಲಿ ಬಂದು ಕೂರುವುದು ನನ್ನಂಥವರ ಎದುರಿಗೆ. ಪ್ರತಿ ವರ್ಷವೂ ಮೊದಲ ವಾರದಲ್ಲಿ ಒಂದು ದೃಶ್ಯ ತಪ್ಪದೆ ನಡೆಯುತ್ತದೆ. ಬೇಡಿಕೆ ಮತ್ತು ಪೂರೈಕೆಯ ವಿಚಾರವಾಗಿ ಹತ್ತು ನಿಮಿಷ ಮಾತಾಡಿ, ಹಲಗೆಯ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ರೇಖೆಗಳನ್ನು ಎಳೆದು, ಕೈಗೆ ಮೆತ್ತಿದ ಸುಣ್ಣದ ಪುಡಿ ಕೊಡವಿಕೊಳ್ಳುತ್ತ ನಾನು ತಿರುಗಿ ನೋಡುವಾಗ, ತರಗತಿಯ ಪೆನ್ನುಗಳೆಲ್ಲ ಕಾಗದದಿಂದ ಒಂದಂಗುಲ ಮೇಲೆ ನಿಂತಿರುತ್ತವೆ. ಒಂದಕ್ಷರವೂ ಕೆಳಗೆ ಇಳಿದಿರುವುದಿಲ್ಲ. ಆಮೇಲೆ ಮುಂದಿನ ಬೆಂಚಿನಿಂದ ಯಾರಾದರೂ ಕೇಳುತ್ತಾರೆ: “ಮೇಡಂ, ಇದನ್ನ ಬರ್ಕೋಬೇಕಾ?”

ಹೀಗೆ ಕೇಳುವವರು ಓದಿನಲ್ಲಿ ಹಿಂದುಳಿದವರಲ್ಲ. ಬಹುಪಾಲು ತೊಂಬತ್ತರ ಆಸುಪಾಸಿನಲ್ಲಿ ಅಂಕ ಪಡೆದು ಬಂದವರು. ಯಾವುದನ್ನು ಬರೆದುಕೊಳ್ಳಬೇಕು, ಯಾವುದು ಪರೀಕ್ಷೆಗೆ ಬರುತ್ತದೆ, ಯಾವ ಪುಟದಲ್ಲಿ ಯಾವ ಸಾಲಿನ ಕೆಳಗೆ ಗೆರೆ ಹಾಕಬೇಕು ಎಂಬುದನ್ನು ಹನ್ನೆರಡು ವರ್ಷ ಬೇರೆಯವರೇ ತೀರ್ಮಾನಿಸಿಕೊಟ್ಟಿರುವುದರಿಂದ, ಆ ತೀರ್ಮಾನ ಈಗ ತಮ್ಮದು ಎಂದು ಅವರಿಗೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಮೊದಲ ಆಂತರಿಕ ಪರೀಕ್ಷೆ ಮುಗಿದಿರುತ್ತದೆ. ತಾವು ಕೊನೆಯ ವರ್ಷದಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಲು ಸಿದ್ಧಗೊಳಿಸುತ್ತೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಸೇರಿದ ಮೇಲೆ ಅಲ್ಲಿ ಓದಲು ಅವರನ್ನು ಯಾರು ಸಿದ್ಧಗೊಳಿಸುತ್ತಾರೆ ಎಂಬುದು ನನ್ನ ಪ್ರಶ್ನೆ.

ಎರಡೂ ಒಂದೇ ಎಂದು ನಾವು ಭಾವಿಸಿಕೊಂಡಿದ್ದೇವೆ. ಕಾಲೇಜಿನ ವಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಓದಿನ ಹೊರೆಯನ್ನು ಅಳೆಯಲು ಯುರೋಪಿನ ಬಹುತೇಕ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಎಂಬ ಪದ್ಧತಿಯಲ್ಲಿ ಒಂದು ಶೈಕ್ಷಣಿಕ ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಕೆಲಸ. ಆ ಗಂಟೆಗಳಲ್ಲಿ ಅಧ್ಯಾಪಕರ ಎದುರು ಕೂತು ಕೇಳುವುದು ಒಂದು ಪಾಲಷ್ಟೇ, ಉಳಿದದ್ದು ತಾನಾಗಿ ಓದುವುದು, ಬರೆಯುವುದು, ಪ್ರಯೋಗ ಮಾಡುವುದು. ಅಮೆರಿಕದ ಕ್ರೆಡಿಟ್ ಲೆಕ್ಕವೂ ಇದೇ ಜಾಡಿನದು: ತರಗತಿಯ ಪ್ರತಿ ಒಂದು ಗಂಟೆಗೆ ತರಗತಿಯ ಹೊರಗೆ ಕನಿಷ್ಠ ಎರಡು ಗಂಟೆಗಳ ಓದು. ಅಂದರೆ ಕಾಲೇಜಿನ ವೇಳಾಪಟ್ಟಿಯಲ್ಲಿ ಖಾಲಿಯಾಗಿ ಕಾಣುವ ಮನೆಗಳೇ ಹೆಚ್ಚು ತೂಕದವು. ಶಾಲೆಯ ಕೊನೆಯ ವರ್ಷದಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಬೆಳಗಿನ ವಿಶೇಷ ತರಗತಿ, ಸಂಜೆಯ ಪುನರಾವರ್ತನೆ, ಭಾನುವಾರದ ಮಾದರಿ ಪರೀಕ್ಷೆ ಎಂದು ಒಂದು ಮನೆಯನ್ನೂ ಖಾಲಿ ಬಿಡದೆ ತುಂಬುತ್ತೇವೆ. ಮೊದಲು ಕಣ್ಮರೆಯಾಗುವುದು ಆಟದ ಪಿರಿಯಡ್, ಅದರ ಹಿಂದೆಯೇ ಗ್ರಂಥಾಲಯದ್ದು. ಹೀಗೆ ಒಂದು ನಿಮಿಷವೂ ತನ್ನದಾಗಿರದ ವರ್ಷದಿಂದ, ಅರ್ಧ ದಿನ ತನ್ನದೇ ಆಗಿರುವ ವರ್ಷಕ್ಕೆ ಮಗು ಒಮ್ಮೆಗೇ ಬಂದು ಬೀಳುತ್ತದೆ. ಆ ಅರ್ಧ ದಿನವನ್ನು ಅದು ರಜೆ ಎಂದುಕೊಂಡರೆ ನಾನು ಆಶ್ಚರ್ಯಪಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಕೊನೆಯ ವರ್ಷದ ಮೊದಲ ತಿಂಗಳಿಂದಲೇ ವಾರಕ್ಕೆ ಎರಡು ಪಿರಿಯಡ್‌ಗಳನ್ನು ಕಾಲೇಜಿನ ಓದಿನ ತಯಾರಿಗಾಗಿ ತೆಗೆದಿಡಿ. ಅದಕ್ಕೆ ಪಠ್ಯಪುಸ್ತಕ ಬೇಡ, ಪರೀಕ್ಷೆ ಬೇಡ, ಅಂಕವಂತೂ ಬೇಡವೇ ಬೇಡ. ಅಂಕ ಇಟ್ಟ ಮರುದಿನವೇ ಅದಕ್ಕೊಂದು ಗೈಡ್ ಹುಟ್ಟುತ್ತದೆ.

ಆ ಪಿರಿಯಡ್‌ಗಳಲ್ಲಿ ಮಾಡುವುದೇನು ಎಂದರೆ, ನಾನು ಮೊಟ್ಟಮೊದಲಿಗೆ ಕೇಳುವುದು ಡಿಕ್ಟೇಶನ್ ಇಲ್ಲದ ಪಾಠವನ್ನು. ಅಧ್ಯಾಪಕರು ಯಾವುದಾದರೂ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಲಿ, ನಡುವೆ ನಿಲ್ಲಿಸಿ ಬರೆಸದಿರಲಿ. ಮಾತು ಮುಗಿದ ಮೇಲೆ ಮಕ್ಕಳು ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿಗೆ ಬಂದದ್ದನ್ನೆಲ್ಲ ಬರೆದು, ಪಕ್ಕದವರ ಹಾಳೆಯೊಂದಿಗೆ ಹೋಲಿಸಿ ನೋಡಲಿ. ನಾನು ಇದನ್ನು ನನ್ನ ತರಗತಿಯಲ್ಲಿ ಮೊದಲ ತಿಂಗಳಿಂದಲೇ ಮಾಡಿಸುತ್ತೇನೆ. ಒಬ್ಬ ಹುಡುಗಿ ಮೊದಲ ದಿನ ಬರೆದುಕೊಟ್ಟ ಹಾಳೆಯಲ್ಲಿ ಒಂದೇ ಸಾಲಿತ್ತು: “ಎರಡು ಗೆರೆ. ಒಂದು ಕಡೆ ಸೇರಿದವು.” ಮೂರನೆಯ ತಿಂಗಳಲ್ಲಿ ಅವಳದೇ ಹಾಳೆಯ ಎರಡೂ ಬದಿ ತುಂಬಿತ್ತು, ಅಂಚಿನಲ್ಲಿ ಅವಳು ಬರೆದಿದ್ದ ಒಂದು ಪ್ರಶ್ನೆಗೆ ಉತ್ತರ ಹೇಳಲು ನಾನೇ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಬುದ್ಧಿ ಅವಳಲ್ಲಿ ಮೊದಲ ದಿನವೂ ಇತ್ತು. ಇರದಿದ್ದದ್ದು ಅಭ್ಯಾಸ.

ಈ ಕಸರತ್ತಿನಿಂದ ಪಾಠ ಹಿಂದೆ ಬೀಳುತ್ತದೆ ಎಂದು ತಮಗೆ ಅನ್ನಿಸಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನೆನಪಿಸಬೇಕು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪಿನವರು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಗಳಲ್ಲಿ ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ನೂರರಲ್ಲಿ 40ರಷ್ಟು, ನೆನಪಿನಿಂದ ಬರೆದವರಿಗೆ 61ರಷ್ಟು. ಮತ್ತೆ ಮತ್ತೆ ಓದಿದವರಿಗೆ ತಮಗೆ ಚೆನ್ನಾಗಿ ಬರುತ್ತದೆ ಎಂಬ ವಿಶ್ವಾಸ ಮಾತ್ರ ಹೆಚ್ಚಾಗಿತ್ತು. ನಮ್ಮ ಪುನರಾವರ್ತನೆಯ ತರಗತಿಗಳು ಬೆಳೆಸುತ್ತಿರುವುದು ಈ ವಿಶ್ವಾಸವನ್ನೇ ಎಂಬ ಗುಮಾನಿ ನನ್ನದು. ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸ ಶಾಲೆಯ ಕೊನೆಯ ಪರೀಕ್ಷೆಗೂ ಉಪಯೋಗಕ್ಕೆ ಬರುವಂಥದು. ಆ ಲೆಕ್ಕದಲ್ಲಿ ನಾನು ಕೇಳುತ್ತಿರುವ ಎರಡು ಪಿರಿಯಡ್‌ಗಳಲ್ಲಿ ಒಂದು ತಮ್ಮ ಖಾತೆಗೇ ಜಮೆಯಾಗುತ್ತದೆ.

ಎರಡನೆಯದು ವಿಷಯದ ಆಯ್ಕೆ. ಇದರ ಬಗ್ಗೆ ನಾನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಏಕೆಂದರೆ ಇಲ್ಲಿ ಆಗುವ ತಪ್ಪಿನ ಬೆಲೆ ವರ್ಷಗಳ ಲೆಕ್ಕದಲ್ಲಿರುತ್ತದೆ. “ಅರ್ಥಶಾಸ್ತ್ರದಲ್ಲಿ ಲೆಕ್ಕ ಇರಲ್ಲ ಅಂದ್ಕೊಂಡು ಬಂದೆ ಮೇಡಂ” ಎಂದು ಹೇಳುವ ಒಬ್ಬರಾದರೂ ನನಗೆ ಪ್ರತಿ ವರ್ಷ ಸಿಗುತ್ತಾರೆ, ಅದೂ ನಾನು ಅವಕಲನವನ್ನು ಆರಂಭಿಸಿದ ದಿನ. ಪಕ್ಕದ ಕೊಠಡಿಯ ಮನಶ್ಶಾಸ್ತ್ರದ ಅಧ್ಯಾಪಕರಿಗೆ ಸಂಖ್ಯಾಶಾಸ್ತ್ರದ ಪತ್ರಿಕೆ ಶುರುವಾದ ದಿನ ಇದೇ ಅನುಭವ. ಕಂಪ್ಯೂಟರ್ ವಿಜ್ಞಾನವೆಂದರೆ ಕಂಪ್ಯೂಟರ್ ಬಳಸುವುದು ಎಂದು ಬಂದವರು ತರ್ಕ ಮತ್ತು ಗಣಿತದ ಮುಂದೆ ಕಂಗಾಲಾಗಿ ಕೂರುತ್ತಾರೆ. ಇವರೆಲ್ಲ ಕೋರ್ಸಿನ ಹೆಸರನ್ನು ಓದಿ ಬಂದವರು. ಕೋರ್ಸಿನ ಪಠ್ಯಕ್ರಮ ಮಾತ್ರ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಬಿದ್ದಿರುತ್ತದೆ, ಅದನ್ನು ತೆರೆದು ನೋಡಿದವರು ತರಗತಿಯಲ್ಲಿ ಎಷ್ಟು ಮಂದಿ ಎಂದು ಕೈ ಎತ್ತಿಸಿದರೆ ಒಂದೋ ಎರಡೋ ಕೈ ಮೇಲೇಳುತ್ತವೆ.

ತಮ್ಮ ಪಿರಿಯಡ್‌ನಲ್ಲಿ ಮಾಡಬಹುದಾದದ್ದು ತೀರಾ ಸರಳ. ಮಗು ಸೇರಬೇಕೆಂದಿರುವ ಕೋರ್ಸಿನ ಮೊದಲ ಮತ್ತು ಎರಡನೆಯ ವರ್ಷದ ಪತ್ರಿಕೆಗಳ ಪಟ್ಟಿಯನ್ನು ಅದರ ಕೈಯಿಂದಲೇ ಬರೆಸಿ, ಪ್ರತಿ ಪತ್ರಿಕೆಯ ಮುಂದೆ “ಇದು ನನಗೆ ಗೊತ್ತು”, “ಇದು ಏನೆಂದೇ ಗೊತ್ತಿಲ್ಲ” ಎಂದು ಗುರುತು ಹಾಕಿಸಿ. ಗೊತ್ತಿಲ್ಲದವುಗಳಲ್ಲಿ ಒಂದನ್ನು ಆರಿಸಿಕೊಂಡು, ಆ ಪತ್ರಿಕೆಗೆ ನಿಗದಿಯಾದ ಪುಸ್ತಕದ ಮೊದಲ ಅಧ್ಯಾಯವನ್ನು ಓದಿ ಬರಲು ಹೇಳಿ. ಬೇಸರವಾದರೆ ಬೇಸರವಾಯಿತೆಂದೇ ಹೇಳಲಿ. ಆ ಉತ್ತರ ಈಗಲೇ ಸಿಗುವುದು ಒಳ್ಳೆಯದು. ಜೊತೆಗೆ, ಆ ಕೋರ್ಸಿಗೆ ಶಾಲೆಯಲ್ಲಿ ಯಾವ ವಿಷಯಗಳನ್ನು ಓದಿರಲೇಬೇಕು ಎಂಬ ಷರತ್ತನ್ನೂ ಆಗಲೇ ನೋಡಿಸಿ. ಅದನ್ನು ಅರ್ಜಿ ಹಾಕುವ ದಿನ ನೋಡಿ ಪೆಚ್ಚಾದವರನ್ನು ನಾನು ಬಲ್ಲೆ.

ನಾನೇನೂ ಎಲ್ಲ ಯೋಚಿಸಿ ವಿಷಯ ಆರಿಸಿಕೊಂಡವಳಲ್ಲ. ಶಾಲೆಯ ಕೊನೆಯ ವರ್ಷದಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ರಸಾಯನಶಾಸ್ತ್ರ ತೆಗೆದುಕೊಂಡಳು, ನನ್ನ ಅಂಕಕ್ಕೂ ಅದು ಸಿಕ್ಕಿತು, ನಾನೂ ತೆಗೆದುಕೊಂಡೆ. ಒಂದು ವರ್ಷ ಪ್ರಯೋಗಾಲಯದ ನೀಲಿ ದ್ರಾವಣಗಳನ್ನು ನೋಡುತ್ತ ಕಳೆದು, ಮರುವರ್ಷ ಬೇರೆ ವಿಭಾಗಕ್ಕೆ ಹೋಗಿ ಹೊಸದಾಗಿ ಆರಂಭಿಸಿದೆ. ಆ ವರ್ಷ ಪೂರ್ತಿ ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಆದರೆ ನನ್ನ ತಂದೆ ಎರಡನೆಯ ಸಲ ಶುಲ್ಕದ ರಸೀದಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಪಠ್ಯಕ್ರಮವೆಂಬುದನ್ನು ಮೊದಲೇ ಓದಬಹುದು ಎಂದು ಆಗ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ, ನನಗೆ ಕೇಳಲೂ ತೋಚಿರಲಿಲ್ಲ.

ಇನ್ನು ಕಾಗದಪತ್ರಗಳ ಮಾತು. ಇದನ್ನು ಮನೆಯವರ ಕೆಲಸವೆಂದು ಶಾಲೆಗಳು ತಳ್ಳಿಬಿಡುತ್ತವೆ. ಓದು ಬಲ್ಲ ಮನೆಯಾದರೆ ಹೇಗೋ ನಡೆಯುತ್ತದೆ. ಮನೆಯಿಂದ ಮೊದಲ ಬಾರಿ ಕಾಲೇಜಿಗೆ ಹೊರಟ ಮಗುವಾದರೆ ಅದಕ್ಕೆ ತಿಳಿಸಿ ಹೇಳುವವರು ಶಾಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಜನನ ಪ್ರಮಾಣಪತ್ರದಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ ಹೆಸರು ಬರೆದಿರುವುದು ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ, ಪ್ರವೇಶದ ಕೌಂಟರಿನ ಮುಂದೆ ನಿಂತಾಗ ಬೀಳುತ್ತದೆ. ಒಬ್ಬ ಹುಡುಗನ ಅರ್ಜಿಯನ್ನು ಪರಿಚಯದವರು ಯಾರೋ ತುಂಬಿಕೊಟ್ಟಿದ್ದರು, ಉಪಕಾರಕ್ಕೆಂದೇ ಮಾಡಿದ್ದು. ಮೊಬೈಲ್ ಸಂಖ್ಯೆಯ ಜಾಗದಲ್ಲಿ ಅವರು ತಮ್ಮದೇ ಸಂಖ್ಯೆ ಹಾಕಿದ್ದರು. ಸೀಟು ಖಚಿತಪಡಿಸುವ ಕೊನೆಯ ದಿನ ಒಟಿಪಿ ಹೋದದ್ದು ಆ ಫೋನಿಗೆ. ಆ ಫೋನು ಸಂಜೆಯವರೆಗೆ ಸ್ವಿಚ್ ಆಫ್. ಆ ಹುಡುಗ ನನಗೆ ಸಿಕ್ಕಿದ್ದು ಮರುವರ್ಷ.

ಸಮಯವಿದೆ, ಆಮೇಲೆ ಮಾಡಿದರಾಯಿತು ಎನ್ನುವುದು ಮಕ್ಕಳ ಸೋಮಾರಿತನವಷ್ಟೇ ಅಲ್ಲ. ಒಂದು ಕೆಲಸಕ್ಕೆ ಹಿಡಿಯುವ ಕಾಲವನ್ನು ಕಡಿಮೆಯಾಗಿ ಅಂದಾಜಿಸುವುದು ಮನುಷ್ಯರಿಗೆಲ್ಲ ಇರುವ ದೋಷವೆಂದು ಕಾನೆಮನ್ ಮತ್ತು ಟ್ವರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಯ ಕೊನೆಯ ಹಂತದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಬೇಕೆಂದು ಅಂದಾಜಿಸಿದ್ದರು, ನಿಜವಾಗಿ ಹಿಡಿದದ್ದು 55 ದಿನಗಳಿಗೂ ಹೆಚ್ಚು. ಪದವಿ ಮುಗಿಸಲಿರುವವರದೇ ಈ ಕಥೆಯಾದರೆ ಹದಿನೇಳರ ಮಗುವಿನದು ಏನು? ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಪ್ರತಿ ಪತ್ರಕ್ಕೂ ಒಂದು ವಾರ ಹೆಚ್ಚಿಗೆ ಬಿಡುವುದನ್ನು ಒಂದು ಪಿರಿಯಡ್‌ನಲ್ಲಿ ಕಲಿಸಬಹುದು. ಮಗುವಿನ ಸ್ವಂತ ಇಮೇಲ್ ಖಾತೆ, ಅದರ ಪಾಸ್‌ವರ್ಡ್ ಮಗುವಿಗೇ ಗೊತ್ತಿರುವುದು, ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ಜನ್ಮದಿನಾಂಕ ಒಂದೇ ಇರುವುದು, ಇಷ್ಟನ್ನು ವರ್ಷದ ಮೊದಲ ತಿಂಗಳಲ್ಲಿ ನೋಡಿಬಿಟ್ಟರೆ ಕೊನೆಯ ತಿಂಗಳ ಅರ್ಧ ಓಡಾಟ ಉಳಿಯುತ್ತದೆ.

ಇಲ್ಲಿಗೇ ಸೇರಿದ ಇನ್ನೊಂದು ಮಾತಿದೆ. ಸೀಟು ಸಿಕ್ಕಿ, ಒಪ್ಪಿಗೆಯನ್ನೂ ಕೊಟ್ಟ ಮಕ್ಕಳಲ್ಲಿ ಒಂದು ಪಾಲು ತರಗತಿ ಶುರುವಾಗುವ ದಿನ ಬರುವುದೇ ಇಲ್ಲ. ಅಮೆರಿಕದ ಶಿಕ್ಷಣ ವಲಯದಲ್ಲಿ ಇದಕ್ಕೆ ‘ಸಮ್ಮರ್ ಮೆಲ್ಟ್’ ಎಂದೇ ಹೆಸರು, ಬೇಸಿಗೆಯಲ್ಲಿ ಕರಗಿಹೋಗುವುದು ಎಂದು. ಕಟ್ಟಬೇಕಾದ ಒಂದು ಕಂತು, ತುಂಬದೆ ಉಳಿದ ಒಂದು ನಮೂನೆ, ಅರ್ಥವಾಗದ ಒಂದು ಪತ್ರ, ಕೇಳಲು ಹೋದರೆ ಶಾಲೆಗೆ ರಜೆ, ಕಾಲೇಜಿನಲ್ಲಿ ಗುರುತಿನವರಿಲ್ಲ. ಮಗು ಶಾಲೆಯ ಪಟ್ಟಿಯಿಂದ ಹೊರಗೆ ಬಂದು ಕಾಲೇಜಿನ ಪಟ್ಟಿಗೆ ಸೇರುವ ನಡುವಿನ ಆ ಎರಡು ಮೂರು ತಿಂಗಳಲ್ಲಿ ಅದು ಯಾರ ಮಗುವೂ ಅಲ್ಲ. ಕೊನೆಯ ಪರೀಕ್ಷೆಯ ದಿನ ಶಾಲೆಯ ಕರ್ತವ್ಯ ಮುಗಿಯಿತೆನ್ನದೆ, ಒಬ್ಬ ಅಧ್ಯಾಪಕರ ಫೋನ್ ಸಂಖ್ಯೆಯನ್ನು ಆ ತಿಂಗಳುಗಳಿಗಾಗಿ ಮಕ್ಕಳ ಕೈಗೆ ಕೊಟ್ಟು ಕಳುಹಿಸಿದರೆ ಸಾಕು.

ಹಣದ ವಿಚಾರವನ್ನು ಮಕ್ಕಳ ಎದುರು ಆಡಬಾರದೆಂಬ ಸಂಕೋಚ ಅನೇಕ ಮನೆಗಳಲ್ಲಿದೆ. ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಿ ಸೇರಿಸಿ, ಎರಡನೆಯ ವರ್ಷಕ್ಕೆ ಕೈ ಚೆಲ್ಲುವುದು ಇದರಿಂದಲೇ. ಇಡೀ ಕೋರ್ಸಿನ ಖರ್ಚು, ಪುಸ್ತಕ, ವಸತಿ, ಓಡಾಟ ಎಲ್ಲ ಸೇರಿಸಿ ಒಂದು ಹಾಳೆಯಲ್ಲಿ ಬರೆಯುವುದನ್ನು ಗಣಿತದ ಅಧ್ಯಾಪಕರು ಒಂದು ದಿನ ಮಾಡಿಸಲಿ. ಸಾಲ ತೆಗೆದುಕೊಳ್ಳುವುದಾದರೆ ಬಡ್ಡಿ ಯಾವ ದಿನದಿಂದ ಏರತೊಡಗುತ್ತದೆ, ವಿದ್ಯಾರ್ಥಿವೇತನವಾದರೆ ಅದು ಮರುವರ್ಷ ಮುಂದುವರಿಯಲು ಎಷ್ಟು ಹಾಜರಾತಿ, ಎಷ್ಟು ಅಂಕ ಬೇಕು ಎಂಬುದನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ಬರೆಸಲಿ. ಬಟ್ಟೆ ಒಗೆಯುವುದು, ಜ್ವರ ಬಂದಾಗ ಒಬ್ಬರೇ ವೈದ್ಯರ ಬಳಿ ಹೋಗುವುದು ಮುಂತಾದವನ್ನು ನಾನು ಈ ಪತ್ರದಲ್ಲಿ ಸೇರಿಸುತ್ತಿಲ್ಲ. ಅವನ್ನು ಮಕ್ಕಳು ಬಿದ್ದು ಎದ್ದು ಹೇಗೂ ಕಲಿಯುತ್ತಾರೆ.

ನಿದ್ರೆಯ ವಿಷಯದಲ್ಲಿ ಮಾತ್ರ ತಮ್ಮೊಂದಿಗೆ ಸ್ವಲ್ಪ ನಿಷ್ಠುರವಾಗಬೇಕಾಗಿದೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ರೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದೆಂದು ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲೇ ಶಿಫಾರಸು ಮಾಡಿತ್ತು, ಕ್ಯಾಲಿಫೋರ್ನಿಯಾ ಅದನ್ನು 2022ರಿಂದ ಕಾನೂನಾಗಿಯೇ ಜಾರಿಗೆ ತಂದಿದೆ. ಸಿಯಾಟಲ್ ನಗರದ ಶಾಲೆಗಳು 2016ರಲ್ಲಿ ಆರಂಭದ ವೇಳೆಯನ್ನು 7.50ರಿಂದ 8.45ಕ್ಕೆ ಬದಲಿಸಿದಾಗ, ಮಕ್ಕಳು ಇನ್ನಷ್ಟು ತಡವಾಗಿ ಮಲಗುತ್ತಾರಷ್ಟೇ ಎಂದು ಆಡಿಕೊಂಡವರಿದ್ದರು. ಅಳತೆ ಮಾಡಿ ನೋಡಿದರೆ ಮಕ್ಕಳ ದಿನದ ನಿದ್ರೆ 34 ನಿಮಿಷ ಹೆಚ್ಚಾಗಿತ್ತು. ಬೆಳಕು ಹರಿಯುವ ಮೊದಲೇ ಮಕ್ಕಳನ್ನು ವಿಶೇಷ ತರಗತಿಗೆ ಕೂರಿಸುವುದು ಶಿಸ್ತಿನ ಲಕ್ಷಣವೆಂದು ನಾವು ಪೋಷಕರ ಸಭೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ಮಗುವಿನ ಮಿದುಳು ಇನ್ನೂ ಹಾಸಿಗೆಯಲ್ಲಿರುತ್ತದೆ. ನಾನು ಕೇಳುವ ಎರಡು ಪಿರಿಯಡ್‌ಗಳಿಗೆ ಜಾಗ ಎಲ್ಲಿಂದ ತರುವುದು ಎಂದು ತಾವು ಕೇಳಿದರೆ, ಬೆಳಗಿನ ಈ ತರಗತಿಗಳನ್ನು ಬಿಟ್ಟುಬಿಡಿ ಎಂದು ಹೇಳಲಾರೆ, ಅದು ನನ್ನ ಕೈಯಲ್ಲಿಲ್ಲ. ಹಗಲಿನ ಪುನರಾವರ್ತನೆಯ ಪಿರಿಯಡ್‌ಗಳಲ್ಲಿ ಎರಡನ್ನು ಬಿಟ್ಟುಕೊಡಿ ಎಂದಷ್ಟೇ ಕೇಳುತ್ತೇನೆ.

ತಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಶಾಲೆಯನ್ನು ಅಳೆಯುವುದು ಫಲಿತಾಂಶದ ಪಟ್ಟಿಯಿಂದ. ಕಾಲೇಜಿಗೆ ಹೋದ ಮಗು ಅಲ್ಲಿ ನಿಂತಿತೋ ಬಿಟ್ಟು ಬಂತೋ ಎಂಬುದನ್ನು ಯಾವ ಪತ್ರಿಕೆಯೂ ಶಾಲೆಯ ಹೆಸರಿನ ಜೊತೆ ಅಚ್ಚು ಹಾಕುವುದಿಲ್ಲ. ಫಲಿತಾಂಶ ನೂರಕ್ಕೆ ಒಂದು ಇಳಿದರೂ ಆಡಳಿತ ಮಂಡಳಿಗೆ ಉತ್ತರ ಕೊಡಬೇಕಾದವರು ತಾವು, ನಾನಲ್ಲ. ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡುವುದಿಲ್ಲ: ಮೊದಲ ವರ್ಷದ ತರಗತಿಯನ್ನು ಅತಿ ಕಿರಿಯ ಅಧ್ಯಾಪಕರ ತಲೆಗೆ ಕಟ್ಟಿ, ಮಕ್ಕಳಿಗೆ ಒಂದು ದಿನದ ಸ್ವಾಗತ ಕಾರ್ಯಕ್ರಮ ನಡೆಸಿ, ಎರಡನೆಯ ದಿನದಿಂದ ಅವರು ಎಲ್ಲ ಬಲ್ಲವರೆಂಬಂತೆ ಪಾಠ ಆರಂಭಿಸುವ ಕಾಲೇಜುಗಳು ಬೇಕಾದಷ್ಟಿವೆ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಸ್ವಾಗತ ಕಾರ್ಯಕ್ರಮದ ಮುಕ್ಕಾಲು ಪಾಲು ಅತಿಥಿಗಳ ಪರಿಚಯಕ್ಕೇ ಹೋಗಿತ್ತು. ಇದಕ್ಕಾಗಿ ನಮ್ಮವರಿಗೂ ಒಂದು ಪತ್ರ ಬರೆಯಬೇಕು, ಬರೆಯುತ್ತೇನೆ.

ಸದ್ಯಕ್ಕೆ ತಾವು ಮಾಡಬಹುದಾದ, ಖರ್ಚಿಲ್ಲದ ಒಂದು ಕೆಲಸವಿದೆ. ಕಳೆದ ವರ್ಷ ತಮ್ಮ ಶಾಲೆಯಿಂದ ಹೋದ ಮಕ್ಕಳಲ್ಲಿ ನಾಲ್ವರನ್ನು ಒಂದು ಶನಿವಾರ ಕರೆಸಿ. ಅವರಲ್ಲಿ ಇಬ್ಬರು ಮೊದಲ ಸೆಮಿಸ್ಟರಿನಲ್ಲಿ ಎಡವಿದವರಾಗಿರಲಿ. ಬರೀ ರ‍್ಯಾಂಕ್ ಬಂದವರನ್ನು ಕರೆಸಿ ಶಾಲು ಹೊದಿಸಿ ಕಳುಹಿಸುವುದು ಬೇಡ. ಅಧ್ಯಾಪಕರು ಕೊಠಡಿಯಿಂದ ಹೊರಗಿರಲಿ. ಕಾಲೇಜಿನಲ್ಲಿ ಮೊದಲ ತಿಂಗಳು ಏನು ಗೊತ್ತಿರಲಿಲ್ಲ ಎಂದು ಅವರೇ ಈ ವರ್ಷದ ಮಕ್ಕಳಿಗೆ ಹೇಳಲಿ. ಆಮೇಲೆ ಆ ನಾಲ್ವರೂ ತಮಗೆ ಗೊತ್ತಿರದಿದ್ದ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ತಮ್ಮ ಮೇಜಿನ ಮೇಲಿಟ್ಟು ಹೋಗಲಿ. ಆ ಎರಡು ಪಿರಿಯಡ್‌ಗಳ ಪಠ್ಯಕ್ರಮಕ್ಕೆ ನನ್ನ ಈ ಪತ್ರಕ್ಕಿಂತ ಆ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬಂದೀತು.

ಡಿಕ್ಟೇಶನ್ ಇಲ್ಲದ ಮೊದಲ ಪಾಠಕ್ಕೆ ಯಾರೂ ಸಿಗದಿದ್ದರೆ ನಾನು ಬರುತ್ತೇನೆ. ಎರಡು ರೇಖೆ ಎಳೆಯಲು ಒಂದು ಹಲಗೆ ಇದ್ದರೆ ಸಾಕು.

ಇತಿ,
ತಮ್ಮ ವಿಶ್ವಾಸದ,
ಮೊದಲ ವರ್ಷದ ಪದವಿ ತರಗತಿಯ ಒಬ್ಬ ಅಧ್ಯಾಪಕಿ